ನಡೆದುಹೋಗುವ ಫೋಟೋ

"ಕಣ್ಣು ಬಿಡಪ್ಪಾ" ಎಂದು ಸ್ಟುಡಿಯೋ ಅಕ್ಕ ಎಷ್ಟು ಸಲ ಹೇಳಿದರೂ, ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಮದುಮಗ ಕಣ್ಣು ಮುಚ್ಚಿಬಿಡುತ್ತಿದ್ದ. ಗಾಳಿಗೆ ಓಲಾಡುವ ಕಂಬದ ತುದಿಗೆ ಹತ್ತಿ ಕರೆಂಟು ತಂತಿ ಕಟ್ಟುವ ಲೈನ್‌ಮ್ಯಾನ್ ಅವನು. ಅಂಥವನು ಕ್ಯಾಮೆರಾ ಎದುರಿಗೆ ಮಾತ್ರ ಚುಚ್ಚುಮದ್ದಿಗೆ ಕೂತ ಕೂಸಿನ ಹಾಗೆ ಬಿಗಿದುಕೊಳ್ಳುತ್ತಿದ್ದ. ಪಕ್ಕದಲ್ಲಿ ನಿಂತ ಪುಟ್ಟಿಗೆ ನಗು ತಡೆಯಲಾಗುತ್ತಿರಲಿಲ್ಲ. ಆದರೆ ನಗುತ್ತ ನಗುತ್ತಲೇ ಅವಳ ಒಂದು ಕಣ್ಣು ಕೆಳಗಿನ ರಸ್ತೆಯ ಮೇಲಿತ್ತು.

ಬೆಟ್ಟದಲ್ಲಿ ಎಲೆ ಉದುರುವ ಕಾಲ. ಮರಗಳೆಲ್ಲ ಹಳದಿ, ಕೆಂಪು, ತುಕ್ಕು ಹಿಡಿದ ಕಬ್ಬಿಣದ ಬಣ್ಣಕ್ಕೆ ತಿರುಗಿದ್ದವು. ಗಾಳಿ ಬೀಸಿದಾಗೊಮ್ಮೆ ಎಲೆಗಳು ರಾಶಿರಾಶಿಯಾಗಿ ಕೆಳಗಿಳಿದು, ಅಂಕುಡೊಂಕಾದ ರಸ್ತೆ ಕಾಣದ ಹಾಗೆ ಅಡ್ಡ ಬರುತ್ತಿದ್ದವು. ಬೆಳಿಗ್ಗೆ ಬೆಟ್ಟದ ಬುಡದ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿ ಮದುವೆ ಮುಗಿಸಿದ್ದರು. ಇನ್ನುಳಿದಿದ್ದು ಬೆಟ್ಟ ದಾಟುವ ಬಸ್ಸು. ದಿನಕ್ಕೆ ಒಂದೇ ಬಸ್ಸು, ಮಧ್ಯಾಹ್ನದ ಇಳಿಬಿಸಿಲಿಗೆ ಬರುತ್ತದೆ. ಅದನ್ನು ಹತ್ತಿದರೆ ಆಚೆ ಕಡೆ ಲೈನ್‌ಮ್ಯಾನ್‌ನ ಮನೆ. ಬಸ್ಸು ಬರುವ ತನಕ ಫೋಟೋ.

ಪುಟ್ಟಿ ಎನ್ನುವುದು ಕರೆಯುವುದಕ್ಕೆ ಮಾತ್ರ. ಬೈತಲೆಯ ಪಕ್ಕದಲ್ಲಿ ಬಿಳಿಕೂದಲು ಇಣುಕಲು ಶುರುವಾಗಿ ಕೆಲವು ವರ್ಷಗಳೇ ಆಗಿದ್ದವು. ಅಪ್ಪ ಅಮ್ಮ ಹೋದ ಮೇಲೆ ಅಣ್ಣನ ಮನೆ ನೋಡಿಕೊಂಡವಳು. ಅಣ್ಣನದು ಟೈರ್ ಅಂಗಡಿ. ಬೀದಿಗೆಲ್ಲ ಅವನು ಟೈರಣ್ಣ. ಕೆಟ್ಟವನಲ್ಲ. ಕುಡಿತ ಇಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ತಂಗಿಯ ಮದುವೆಯ ಮಾತು ಬಂದಾಗಲೆಲ್ಲ "ಮಾಡೋಣ, ಅಂಗಡಿ ಕೆಲಸ ಸ್ವಲ್ಪ ಹಗುರಾಗ್ಲಿ" ಎನ್ನುತ್ತಿದ್ದ, ಅಷ್ಟೇ. ತಾನೂ ಮದುವೆಯಾಗಿರಲಿಲ್ಲ. ಅವನಿಗೇನು ಅವಸರ? ಹೊತ್ತುಹೊತ್ತಿಗೆ ಬಿಸಿ ಊಟ, ಮಡಿಸಿಟ್ಟ ಬಟ್ಟೆ, ಕರಿ ಹತ್ತಿದ ಕೈ ಒರೆಸಿಕೊಳ್ಳಲು ಚಾಚಿದ ಟವೆಲ್ಲು. ಇವೆಲ್ಲ ಮನೆಯ ಗೋಡೆಯಿಂದಲೇ ಹುಟ್ಟುತ್ತವೆ ಎಂದು ನಂಬಿದ್ದವನು.

ಒಂದು ಗಾಳಿಮಳೆಗೆ ಬೀದಿಯ ಕಂಬ ಉರುಳಿದಾಗ ದುರಸ್ತಿಗೆ ಬಂದ ಗುಂಪಿನಲ್ಲಿ ಈ ಲೈನ್‌ಮ್ಯಾನ್ ಇದ್ದ. ಪುಟ್ಟಿ ಎಲ್ಲರಿಗೂ ಟೀ ಕೊಟ್ಟಳು. ಕುಡಿದವರು ಲೋಟಗಳನ್ನು ಕಟ್ಟೆಯ ಮೇಲಿಟ್ಟು ಹೋದರು. ಇವನೊಬ್ಬ ತನ್ನ ಲೋಟವನ್ನು ನಲ್ಲಿಗೆ ಒಯ್ದು ತೊಳೆದು, ಬೋರಲು ಹಾಕಿ ಹೋದ. "ಲೋಟ ತೊಳೆದ ಅಂತ ಮದುವೆ ಆಗ್ತಾರೇನೇ?" ಎಂದು ಸ್ಟುಡಿಯೋ ಅಕ್ಕ ಮುಂದೊಂದು ದಿನ ಕೇಳಿದ್ದಳು. "ಗಂಡಸರು ತೊಳೆಯೋದು ನಾನು ನೋಡೇ ಇರ್ಲಿಲ್ಲ ಅಕ್ಕ" ಎಂದಿದ್ದಳು ಪುಟ್ಟಿ. ಅಕ್ಕನೂ ನೋಡಿರಲಿಲ್ಲ.

ಹೋದ ಚಳಿಗಾಲದಲ್ಲಿ ಪುಟ್ಟಿ ಒಮ್ಮೆ ಮನೆ ಬಿಟ್ಟು ಲೈನ್‌ಮ್ಯಾನ್ ಹತ್ತಿರ ಹೋಗಲು ಹೊರಟಿದ್ದಳು. ಊರಿನ ಬಸ್ ನಿಲ್ದಾಣ ಮುಟ್ಟಿದ್ದಳು. ಟೈರಣ್ಣ ಹುಡುಕಿಕೊಂಡು ಬಂದ. ಬೈಯಲಿಲ್ಲ, ಎಳೆದಾಡಲಿಲ್ಲ. ಪಕ್ಕದಲ್ಲಿ ಕೂತು, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಪುಟ್ಟಿ" ಎಂದ. ಅಷ್ಟಕ್ಕೇ ಅವಳು ಚೀಲ ಎತ್ತಿಕೊಂಡು ಅವನ ಹಿಂದೆ ನಡೆದು, ಮನೆಗೆ ಬಂದು, ಸ್ವೆಟರ್ ಕೂಡ ಬಿಚ್ಚದೆ ಒಲೆ ಹಚ್ಚಿದ್ದಳು.

"ಅವನು ಹೊಡೆದ್ರೆ ತಡ್ಕೋತೀನಿ ಅಕ್ಕ" ಎಂದು ಈ ಸಲ ಸ್ಟುಡಿಯೋದ ಹಿಂಬಾಗಿಲಲ್ಲಿ ನಿಂತು ಹೇಳಿದ್ದಳು. "ಹಸಿವು ಅಂದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ. ಬಸ್ ಹತ್ತೋ ತನಕ ಅವನ ಮುಖ ನನಗೆ ಕಾಣ್ಬಾರ್ದು."

"ಹಾಗಿದ್ಮೇಲೆ ಗಪ್‌ಚಿಪ್ಪಾಗಿ ಹೋಗು. ಫೋಟೋ ಯಾಕೆ ಬೇಕು?"

"ನಾಳೆ ಬೀದಿಯವರು ಏನಂತಾರೆ ಗೊತ್ತಾ? ಆ ಲೈನ್‌ಮ್ಯಾನ್ ಮಂಕುಬೂದಿ ಎರಚಿ ಎತ್ತಾಕ್ಕೊಂಡು ಹೋದ ಅಂತಾರೆ. ನಾನೇ ನಡ್ಕೊಂಡು ಹೋದೆ ಅಂತ ಗೊತ್ತಾಗ್ಬೇಕು. ನಡೆಯೋ ಫೋಟೋ ತೆಗೀರಿ. ಕೂತಿರೋದು, ನಿಂತಿರೋದು ಎಲ್ಲ ನಿಮ್ಮ ಇಷ್ಟ, ನಡೆಯೋದು ಮಾತ್ರ ಒಂದು ಬೇಕೇ ಬೇಕು."

ಒಲ್ಲೆ ಎನ್ನಲು ಸ್ಟುಡಿಯೋ ಅಕ್ಕನಿಗೆ ಮನಸ್ಸಾಗಲಿಲ್ಲ. ಪುಟ್ಟಿಯ ಮೊದಲ ಹಲ್ಲು ಬಿದ್ದಾಗಿನಿಂದ ಅವಳ ಫೋಟೋ ತೆಗೆದವಳು ಈ ಅಕ್ಕನೇ. ಶಾಲೆಗೆ, ಪರೀಕ್ಷೆಗೆ, ಗುರುತಿನ ಚೀಟಿಗೆ, ಅದೇ ಸ್ಟೂಲಿನ ಮೇಲೆ ಕೂರಿಸಿ, "ಗಲ್ಲ ಸ್ವಲ್ಪ ಮೇಲೆ. ನನ್ನ ಕಡೆ ನೋಡಮ್ಮ" ಎಂದು ಎಷ್ಟು ಸಲ ಹೇಳಿದ್ದಾಳೋ. ಹಾಗೆ ಹೇಳಿದೊಡನೆ ಅಳುತ್ತಿದ್ದ ಮಗುವೂ ಮೂಗು ಒರೆಸಿಕೊಂಡು ನೆಟ್ಟಗೆ ಕೂರುತ್ತಿತ್ತು.

ಸ್ಟುಡಿಯೋ ಇದ್ದದ್ದು ಟೈರ್ ಅಂಗಡಿಯ ಎದುರಿಗೇ. ಬೋರ್ಡಿನ ಮೇಲೆ ಸತ್ತ ಮಾವನ ಹೆಸರು, ಅದರ ಕೆಳಗೆ ಗಂಡನ ಹೆಸರು. ಅಕ್ಕನ ಹೆಸರು ಬೋರ್ಡಿನಲ್ಲೂ ಇಲ್ಲ, ಬೀದಿಯ ಬಾಯಲ್ಲೂ ಇಲ್ಲ. ಅವಳು ಸ್ಟುಡಿಯೋ ಅಕ್ಕ, ಮುಗಿಯಿತು. ಗಂಡ ಕ್ಯಾಮೆರಾ ಹಿಡಿಯುವುದು ಬಿಟ್ಟು ಕಾಲವಾಗಿತ್ತು. ಗಲ್ಲಾದ ಹಿಂದೆ ಕೂರುತ್ತಿದ್ದ, ಬೇಸರವಾದರೆ ರಸ್ತೆ ದಾಟಿ ಟೈರಣ್ಣನ ಜೊತೆ ಹರಟೆಗೆ ಕೂರುತ್ತಿದ್ದ. ಮದುವೆಗಳಿಗೆ ಹೋಗುವುದು, ಬಂದವರಿಗೆ ಕನ್ನಡಿ ಬಾಚಣಿಗೆ ಕೊಟ್ಟು ಕೂರಿಸುವುದು, ಮುಖದ ಮೇಲಿನ ಕಲೆ ಅಳಿಸುವುದು ಎಲ್ಲ ಅಕ್ಕನದು. ಹಿಂದಿನ ಕೋಣೆಯಲ್ಲಿ ಮನೆ. ಒಂದು ಬಾಗಿಲಿನ ಈಚೆ ಒಲೆ, ಆಚೆ ಕ್ಯಾಮೆರಾ. ಅವಳ ಅರ್ಧ ಆಯುಸ್ಸು ಆ ಹೊಸ್ತಿಲು ದಾಟುವುದರಲ್ಲೇ ಸವೆದಿತ್ತು.

ಅವಳ ಅತ್ತೆಯದೂ ಅದೇ ಕಥೆ. ರೀಲಿನ ಕಾಲದಲ್ಲಿ ಮಾವ ಹೊರಗೆ ಫೋಟೋ ತೆಗೆದು ಹೆಸರು ಮಾಡಿದರೆ, ಒಳಗೆ ಕತ್ತಲೆಕೋಣೆಯಲ್ಲಿ ಕರಿ ಪರದೆ ಎಳೆದುಕೊಂಡು ರಾಸಾಯನಿಕದ ನೀರಿನಲ್ಲಿ ಕೈಯಾಡಿಸುತ್ತ ಮುಖಗಳನ್ನು ಎಬ್ಬಿಸುತ್ತಿದ್ದವರು ಅತ್ತೆ. ಹಾಲು ಉಕ್ಕುವುದನ್ನು ಒಂದು ಕಿವಿಯಲ್ಲಿ ಕೇಳಿಸಿಕೊಳ್ಳುತ್ತ, ಫೋಟೋ ಮೂಡುವುದನ್ನು ಕಣ್ಣಲ್ಲಿ ಕಾಯುತ್ತ. ಬೆರಳ ತುದಿಯ ಕಂದು ಕಲೆ ಇನ್ನೂ ಹೋಗಿರಲಿಲ್ಲ. ಈಗ ಮಂಡಿ ನೋವು, ರಕ್ತದೊತ್ತಡ, ಬೆಳಿಗ್ಗೆಗೊಂದು ಮಾತ್ರೆ. ನಾಲಿಗೆ ಮಾತ್ರ ಹೊಸ ಬ್ಲೇಡಿನ ಹಾಗಿತ್ತು.

ಎರಡು ವರ್ಷದ ಹಿಂದೆ ಸ್ಟುಡಿಯೋ ಕಿಟಕಿಗೆ ದೊಡ್ಡ ಟಿವಿಯೊಂದು ಬಂತು. ಮೊದಲು ಕಿಟಕಿಯಲ್ಲಿ ಹೊಸ ಫೋಟೋ ಹಾಕಬೇಕೆಂದರೆ ಅಕ್ಕ ಒದ್ದೆ ಕೈ ಒರೆಸಿಕೊಂಡು ಒಲೆ ಬಿಟ್ಟು ಓಡಿಬರಬೇಕಿತ್ತು. ಗಂಡನಿಗೆ ಹೇಳಿದರೆ "ಆಮೇಲೆ" ಎನ್ನುತ್ತಿದ್ದ. ಅವನ ಆಮೇಲೆ ಬರುವಷ್ಟರಲ್ಲಿ ಫೋಟೋದಲ್ಲಿದ್ದ ಮದುಮಕ್ಕಳ ಮಗು ಶಾಲೆಗೆ ಸೇರಿರುತ್ತಿತ್ತು. ಅದಕ್ಕೆ ಅವಳೇ ಕಲಿತು ಒಂದು ಏರ್ಪಾಟು ಮಾಡಿದ್ದಳು: ಕ್ಯಾಮೆರಾದಲ್ಲಿ ತೆಗೆದದ್ದು ತಾನಾಗಿ ಅವಳ ಫೋನಿಗೆ, ಫೋನಿನಿಂದ ಸ್ಟುಡಿಯೋ ಕಂಪ್ಯೂಟರಿಗೆ, ಅಲ್ಲಿಂದ ಕಿಟಕಿಯ ಟಿವಿಗೆ. ಯಾರೂ ಎದ್ದು ಹೋಗಿ ಏನನ್ನೂ ಒತ್ತಬೇಕಿಲ್ಲ. ಅಲ್ಲಿ ಮದುವೆ ನಡೆಯುತ್ತಿರುವಾಗಲೇ ಇಲ್ಲಿ ಬೀದಿಯ ಜನ ಕಿಟಕಿಯ ಮುಂದೆ ನಿಂತು ಮದುಮಗಳನ್ನು ನೋಡುತ್ತಿದ್ದರು. ಮನೆಗೆಲಸದ ನಡುವೆ ಅವಳು ತಪ್ಪಿಸಿಕೊಂಡ ಒಂದೇ ಒಂದು ಓಡಾಟ ಅದು. ದಿನದ ಅಭ್ಯಾಸವಾಗಿ, ಅದೊಂದು ಇದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

ಈ ದಿನಕ್ಕಾಗಿ ಪುಟ್ಟಿ, ಹಲ್ಲು ಕೀಳಿಸಿಕೊಳ್ಳಲು ದೊಡ್ಡ ಆಸ್ಪತ್ರೆಗೆ ಹೋಗುತ್ತೇನೆಂದು ಅಣ್ಣನಿಗೆ ಹೇಳಿದ್ದಳು. ಹಿಂದಿನ ದಿನವೆಲ್ಲ ನಿಂತು ಬೇಯಿಸಿ, ಡಬ್ಬಿಗಳಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟು ಬಂದಿದ್ದಳು. ಓಡಿಹೋಗುವವಳು ಖಾಲಿ ಪಾತ್ರೆ ಬಿಟ್ಟು ಓಡಿಹೋಗಲಾರಳು. ಸ್ಟುಡಿಯೋ ಅಕ್ಕ ಗಂಡನಿಗೆ, ಬೆಟ್ಟದ ಮೇಲಿನ ಅತಿಥಿಗೃಹದವರು ಎಲೆ ಉದುರುವ ಕಾಲದ ಫೋಟೋ ಕೇಳಿದ್ದಾರೆ ಎಂದಿದ್ದಳು. ಯಾವ ಬೆಟ್ಟ ಎಂದು ಅವನು ಕೇಳಲಿಲ್ಲ. ಮಧ್ಯಾಹ್ನಕ್ಕೆ ಏನು ಅಡುಗೆ ಎಂದು ಕೇಳಿದ.

ಬೆಟ್ಟದ ಮೇಲೆ ಅವಳು ನಡೆಯುವ ಫೋಟೋ ತೆಗೆಯಲು ಶುರು ಮಾಡಿದಾಗ ಬಿಸಿಲು ಆಗಲೇ ಓರೆಯಾಗಿತ್ತು. ಪುಟ್ಟಿ ನೀಲಿ ಕೋಟು ಹಾಕಿ, ಕೋಟಿನ ಗುಂಡಿಗೆ ಒಂದು ಬಿಳಿ ಹೂ ಸಿಕ್ಕಿಸಿಕೊಂಡು, ಎಲೆ ಹಾಸಿದ ಕಾಲುದಾರಿಯಲ್ಲಿ ನಡೆದಳು. ಅಕ್ಕ ಹಿಂದಕ್ಕೆ ಹೆಜ್ಜೆ ಇಡುತ್ತ ತೆಗೆದಳು. ನೋಡಿದರೆ ಒಂದೂ ಸರಿ ಬಂದಿರಲಿಲ್ಲ. ಪ್ರತಿಯೊಂದರಲ್ಲೂ ಪುಟ್ಟಿಯ ಕಾಲು ಮುಂದಕ್ಕೆ, ಕುತ್ತಿಗೆ ಹಿಂದಕ್ಕೆ, ರಸ್ತೆಯ ಕಡೆಗೆ. ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ.

"ಹಿಂದೆ ನೋಡ್ಬೇಡ ಅಂದ್ನಲ್ಲೇ."

"ನೋಡ್ತಿಲ್ಲ ಅಕ್ಕ" ಎಂದಳು ಪುಟ್ಟಿ, ನೋಡುತ್ತಲೇ.

ಆಗ ಅಕ್ಕನ ಕೋಟಿನ ಜೇಬಿನಲ್ಲಿ ಫೋನು ಒಂದೇ ಒಂದು ಸಲ ಕಿರ್ ಎಂದಿತು. ಬೆಟ್ಟದಲ್ಲಿ ಸಿಗ್ನಲ್ ಇರಲಿಲ್ಲ. ಗಾಳಿಗೆ ಹಾರಿಬಂದ ಎಲೆಯ ಹಾಗೆ ಎಲ್ಲಿಂದಲೋ ಒಂದು ಚೂರು ಬಂದು, ಗಂಡನ ಸಂದೇಶವೊಂದನ್ನು ಉದುರಿಸಿ ಹೋಗಿತ್ತು. 'ಅಮ್ಮನ ಮಾತ್ರೆ ಎಲ್ಲಿ? ಬೇಗ ಫೋನ್ ಮಾಡು.'

ಅಕ್ಕ ಕ್ಯಾಮೆರಾ ಕೆಳಗಿಳಿಸಿದಳು. ಮಾತ್ರೆಯನ್ನು ಹೂಜಿಯ ಪಕ್ಕದ ಬಟ್ಟಲಲ್ಲಿ ಇಟ್ಟು, ಗಂಡನಿಗೆ ಕೈ ಹಿಡಿದು ತೋರಿಸಿ ಬಂದಿದ್ದಳು. ಬೆಳಿಗ್ಗೆಯ ಮಾತ್ರೆ ಇಷ್ಟು ಹೊತ್ತಾದರೂ ಹೋಗಿಲ್ಲವೆಂದರೆ ಅತ್ತೆಗೆ ತಲೆ ಸುತ್ತು ಶುರುವಾಗಿರುತ್ತದೆ. ಸಿಗ್ನಲ್ ಎಲ್ಲಿ ಸಿಗುತ್ತದೆಂದು ಲೈನ್‌ಮ್ಯಾನ್‌ನನ್ನು ಕೇಳಿದಳು. ಕೆಲಸದ ಮಾತು ಬಂದದ್ದೇ ಅವನಿಗೆ ಜೀವ ಬಂದಂತಾಗಿ, ಮೇಲಿದ್ದ ಚಪ್ಪಟೆ ಬಂಡೆ ತೋರಿಸಿದ. ಲೈನಿನ ಕೆಲಸಕ್ಕೆ ಬಂದಾಗ ಅವರೆಲ್ಲ ಅಲ್ಲಿಗೆ ಹತ್ತಿಯೇ ಮನೆಗೆ ಮಾತಾಡುವುದಂತೆ. ಅಕ್ಕ ಕ್ಯಾಮೆರಾ ಕೊರಳಿಗೆ ನೇತು ಹಾಕಿಕೊಂಡೇ, ಏದುಸಿರು ಬಿಡುತ್ತ ಬಂಡೆ ಹತ್ತಿದಳು.

ಗಂಡ ಮೊದಲ ರಿಂಗಿಗೇ ಎತ್ತಿದ. ಎಷ್ಟು ಸಲ ಫೋನ್ ಮಾಡುವುದು ಎಂದು ರೇಗಿದ. ಮಾತ್ರೆ ಹೂಜಿಯ ಪಕ್ಕ ಇದೆ ಎಂದಳು. ಹೂಜಿ ಎಲ್ಲಿದೆ ಎಂದು ಕೇಳಿದ. ಅವನು ಹುಟ್ಟಿದಾಗಿನಿಂದ ಅದೇ ಮೂಲೆಯಲ್ಲಿರುವ ಹೂಜಿ. ಹುಡುಕುತ್ತ ಹುಡುಕುತ್ತ ಅವನು ಅಡುಗೆಮನೆಗೆ ಹೋದ ಸದ್ದು, ಮುಚ್ಚಳ ಬಿದ್ದ ಸದ್ದು, ಮತ್ತೆ ಅಂಗಡಿಗೆ ಬಂದ ಸದ್ದು ಎಲ್ಲ ಕೇಳಿಸಿತು. ಬಟ್ಟಲು ಖಾಲಿ ಇದೆ, ಅದು ಹೋಗಲಿ, ಒಲೆಯ ಮೇಲಿರುವುದನ್ನು ಬಿಸಿ ಮಾಡಬೇಕಾ, ಹಾಗೇ ತಿನ್ನಬಹುದಾ ಎಂದು ಕೇಳಿದ. ಅಕ್ಕ ಉತ್ತರ ಹೇಳಲು ಬಾಯಿ ತೆರೆಯುವುದರೊಳಗೆ ಅವನ ದನಿ ಬದಲಾಯಿತು.

"ಅರೇ. ಇದೇನು, ಕಿಟಕೀಲಿ ಹೊಸ ಫೋಟೋ ಬರ್ತಿದೆ. ಟೈರಣ್ಣನ ತಂಗಿ ಅಲ್ವಾ ಇವಳು? ಎಷ್ಟು ಕಳೆಯಾಗಿ ಬಂದಿದಾಳೆ. ತಡಿ, ಅವನನ್ನ ಕರೆದು ತೋರಿಸ್ತೀನಿ."

"ರೀ, ಬೇಡ, ನಿಲ್ಲಿ..."

ಫೋನನ್ನು ಮೇಜಿನ ಮೇಲೆ ಕುಕ್ಕಿದ ಸದ್ದು ಬಂತು. ಆಮೇಲೆ ಅವನ ಚಪ್ಪಲಿಯ ಸದ್ದು ದೂರವಾಯಿತು.

ಸಿಗ್ನಲ್ ಸಿಕ್ಕ ಫೋನು ತನ್ನ ಕೆಲಸ ತಾನು ಮಾಡಿತ್ತು. ಅಕ್ಕ ತಟಕ್ಕನೆ ಫೋಟೋ ಹೋಗುವುದನ್ನು ನಿಲ್ಲಿಸಿದಳು. ಆಗಲೇ ಒಂದಷ್ಟು ಹೋಗಿದ್ದವು. ಗಂಡನಿಗೆ ದ್ರೋಹದ ಬುದ್ಧಿಯೇನೂ ಇರಲಿಲ್ಲ. ಅವನು ಫೋಟೋ ನೋಡಿದ್ದ, ಫೋಟೋದಲ್ಲಿ ಏನಿದೆ ಎಂದು ನೋಡಿರಲಿಲ್ಲ; ಅಷ್ಟು ವರ್ಷ ಸ್ಟುಡಿಯೋದಲ್ಲಿ ಕೂತು ಕಲಿತದ್ದು ಅಷ್ಟೇ. ಟೈರಣ್ಣ ಹಾಗಲ್ಲ. ಅವನು ಟೈರಿನ ಮೇಲಿನ ಕೂದಲೆಳೆಯಂಥ ಬಿರುಕು ಹುಡುಕುವವನು.

ಅತ್ತೆಯ ಹಳೆಯ ಫೋನಿಗೆ ಮಾಡಿದಳು. ಬಾರಿಸಿತು, ಬಾರಿಸಿತು. ಮಂಡಿ ನೋವಿನವರು ಏಳಬೇಕು, ಫೋನು ಎಲ್ಲಿಟ್ಟೆನೆಂದು ನೆನಪು ಮಾಡಿಕೊಳ್ಳಬೇಕು. ಕೊನೆಗೆ ಅತ್ತೆಯ ಉಸಿರು ಕೇಳಿಸಿತು.

"ಅತ್ತೆ, ಕಿಟಕಿ ಟಿವಿ ಆರಿಸಿ. ವೈರ್ ಕಿತ್ತುಬಿಡಿ. ಯಾಕೆ ಅಂತ ಮಾತ್ರ ಕೇಳ್ಬೇಡಿ."

"ಕೇಳೋಕೇನಿದೆ? ನನಗೆ ಕಣ್ಣಿಲ್ವಾ?" ಎಂದರು ಅತ್ತೆ, ಎಂದಿಗಿಂತ ಮೆಲ್ಲಗೆ. "ಕೋಟಿಗೆ ಹೂ ಸಿಗಿಸ್ಕೊಂಡು ಅವಳು ನಿಂತಿದಾಳೆ, ಪಕ್ಕದಲ್ಲಿ ಒಬ್ಬ ಕಣ್ಣು ಮುಚ್ಕೊಂಡು ನಿಂತಿದಾನೆ. ಮದುವೆ ಅಲ್ದೆ ಇನ್ನೇನು, ಟೈರಣ್ಣ ಅಂದ ಹಾಗೆ ಹಲ್ಲು ಕೀಳ್ಸೋದಾ? ಕತ್ತಲೆಕೋಣೆ ಪರದೆ ಇತ್ತಲ್ಲ ಪೆಟ್ಟಿಗೇಲಿ, ಅದನ್ನ ತಂದು ಟಿವಿ ಮೇಲೆ ಎಳೆದಾಯ್ತು. ಸುಮ್ಮನಿರು, ಬರ್ತಿದಾರೆ ಇಬ್ಬರೂ."

ಅತ್ತೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಿರಬೇಕು. ಮಾತುಗಳು ಬಟ್ಟೆಯೊಳಗಿಂದ ಬಂದವು. ಇಲ್ಲೇ ಇತ್ತು ಎಂದು ಗಂಡ ಹೇಳುತ್ತಿದ್ದ. ಪರದೆ ಯಾಕೆ ಎಂದು ಕೇಳುತ್ತಿದ್ದ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮುಟ್ಟಿದರೆ ನೋಡು ಎಂದು ಅತ್ತೆ ಗದರಿದರು. ಫೋಟೋದಲ್ಲಿ ತಂಗಿಯ ಜೊತೆ ಯಾರಾದರೂ ಇದ್ದರಾ ಎಂದು ಟೈರಣ್ಣ ಕೇಳಿದ. ಇದ್ದ, ಪಾಪ, ನಿದ್ದೆಗಣ್ಣಿನವನು ಎಂದ ಗಂಡ. ಹಿಂದೆ ಏನು ಕಾಣುತ್ತಿತ್ತು? ಮರ. ಕೆಂಪು ಮರ. ಬೆಟ್ಟ ಇದ್ದ ಹಾಗಿತ್ತು.

"ಅದಾ" ಎಂದರು ಅತ್ತೆ. "ಕೆರೆ ಕಡೆ ಗುಡ್ಡ ಅದು. ನಿಮ್ಮಪ್ಪ ಫೋಟೋ ತೆಗೆಯೋಕೆ ಅಲ್ಲಿಗೇ ಹೋಗ್ತಿದ್ದಿದ್ದು. ಅಷ್ಟು ಕೆಂಪು ಎಲೆ ಬೇರೆ ಎಲ್ಲಿದೆ?"

ಟೈರಣ್ಣನ ಜೀಪು ಹೊರಟ ಸದ್ದು ಫೋನಿನೊಳಗಿಂದ ಅಕ್ಕನಿಗೆ ಬಂಡೆಯ ಮೇಲೂ ಕೇಳಿಸಿತು. ಅತ್ತೆ ಮತ್ತೆ ಫೋನು ಕಿವಿಗಿಟ್ಟರು. ಕೆರೆ ಗುಡ್ಡಕ್ಕೆ ಹೋದ, ಅಲ್ಲಿ ನರಪಿಳ್ಳೆ ಇಲ್ಲ ಎಂದು ಕಂಡ ಮೇಲೆ ನಿಮ್ಮ ಕಡೆ ತಿರುಗುತ್ತಾನೆ, ದಡ್ಡನಲ್ಲ. ಬಸ್ಸು ಅಷ್ಟರೊಳಗೆ ಬಂದರೆ ಬಂತು ಎಂದರು.

"ನಿಮ್ಮ ಮಾತ್ರೆ, ಅತ್ತೆ?"

"ಬೆಳಿಗ್ಗೆನೇ ನುಂಗಿದೀನಿ. ಬಟ್ಟಲು ಖಾಲಿ ಅಂದ್ರೆ ಮತ್ತೇನು ಅರ್ಥ? ಅವನು ಹುಡುಕ್ತಿದ್ದಿದ್ದು ಅವನ ಊಟಕ್ಕೆ. ಅಮ್ಮನ ಮಾತ್ರೆ ಅಂದ್ರೆ ನೀನು ಓಡಿಬರ್ತೀಯ ಅಂತ ಗೊತ್ತು ಅವನಿಗೆ. ಫೋನ್ ಆರಿಸು ಈಗ."

ಅವಳು ಆರಿಸಿದಳು. ಬಂಡೆ ಇಳಿಯುವಾಗ ಕಾಲು ಜಾರಿ ಮೊಣಕೈ ತರಚಿತು. ನೋವು ಆಮೇಲೆ ಗೊತ್ತಾಯಿತು. ಕೆಳಗೆ ಪುಟ್ಟಿ, ಲೈನ್‌ಮ್ಯಾನ್‌ಗೆ ಕಣ್ಣು ಬಿಟ್ಟು ನಗುವುದನ್ನು ಕಲಿಸುತ್ತಿದ್ದಳು. ಅವರ ಮುಂದೆ ಸುತ್ತಿ ಬಳಸಿ ಹೇಳುವುದು ಅಕ್ಕನಿಗೆ ಆಗಲಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳಿ, ತಪ್ಪು ನನ್ನದು ಎಂದಳು.

ಪುಟ್ಟಿ ಅಳಲಿಲ್ಲ. ಎಲೆಯ ಮೇಲೆ ಕೂತು ಚೀಲ ತೆರೆದು, ಮಡಿಸಿದ್ದ ಬಟ್ಟೆಗಳನ್ನು ಹೊರಗೆ ತೆಗೆದು, ಮತ್ತೆ ಮಡಿಸಿ ಒಳಗಿಟ್ಟಳು. ಅಕ್ಕನಿಗೆ ಆ ಕೈಗಳ ಅರ್ಥ ಗೊತ್ತಿತ್ತು. ದಿಕ್ಕು ತೋಚದಾಗ ಅವಳ ಕೈಯೂ ಪಾತ್ರೆ ತಿಕ್ಕಲು ಹೋಗುತ್ತಿತ್ತು.

ಮರಗಳ ಹಿಂದೆ ಅಡಗಿರೋಣ, ಬಸ್ಸು ಬಂದಾಗ ಓಡಿ ಹತ್ತೋಣ ಎಂದ ಲೈನ್‌ಮ್ಯಾನ್. ಪುಟ್ಟಿ ಬೇಡವೆಂದಳು. ಅಡಗಿ ಕೂತರೆ ಅದು ಓಡಿಹೋದಂತೆಯೇ, ಹಾಗೆ ಹೋಗುವುದಕ್ಕೆ ಇಷ್ಟೆಲ್ಲ ಯಾಕೆ ಬೇಕಿತ್ತು ಎಂದಳು. ಹಾಗಾದರೆ ನಿನ್ನ ಅಣ್ಣನ ಹತ್ತಿರ ನಾನೇ ಮಾತಾಡುತ್ತೇನೆ ಎಂದ ಅವನು.

"ನೀನು ತುಟಿ ಪಿಟಕ್ಕನ್ಬೇಡ. ನೀನು ಮಾತಾಡಿದ್ರೆ ಜಗಳ ಆಗುತ್ತೆ. ಜಗಳ ಆದ್ರೆ ಸಮಾಧಾನ ಮಾಡೋಕೆ ನಾನು ನಿಲ್ತೀನಿ. ನಿಂತ್ರೆ ಮುಗೀತು."

ಬಸ್ ನಿಲ್ಲುವ ಜಾಗದಲ್ಲಿ ತಗಡಿನ ಮಾಡು, ಅದರಡಿ ಒಂದು ಸಿಮೆಂಟಿನ ಬೆಂಚು. ಮೂವರೂ ಅಲ್ಲಿಗಿಳಿದು ಕಾದರು. ತಗಡಿನ ಮೇಲೆ ಎಲೆಗಳು ಬಿದ್ದಾಗ ಯಾರೋ ಬೆರಳಿಂದ ಕುಟ್ಟಿದ ಹಾಗೆ ಕೇಳುತ್ತಿತ್ತು, ಪ್ರತಿ ಸಲ ಮೂವರೂ ತಲೆ ಎತ್ತುತ್ತಿದ್ದರು. ಅಕ್ಕ ಇನ್ನೆರಡು ಸಲ ಪುಟ್ಟಿಯನ್ನು ರಸ್ತೆಯಂಚಿನಲ್ಲಿ ನಡೆಸಿ ನೋಡಿದಳು. ಅದೇ ಹಿಂದಕ್ಕೆ ತಿರುಗಿದ ಕುತ್ತಿಗೆ. ಬಿಸಿಲು ಎದುರು ಗುಡ್ಡದ ತಲೆಗೆ ಏರಿತು. ಬೆಳಕು ಹೋದರೆ ಆ ಫೋಟೋ ಬಾರದೆಂದು ಅಕ್ಕನಿಗೆ ಗೊತ್ತಿತ್ತು, ಬಾಯಿ ಬಿಟ್ಟು ಹೇಳಲಿಲ್ಲ. ಲೈನ್‌ಮ್ಯಾನ್ ಬೆಂಚಿನ ತುದಿಯಲ್ಲಿ ಕೂತು, ಕಂಬದಿಂದ ಕಂಬಕ್ಕೆ ತಂತಿಯನ್ನು ಕಣ್ಣಲ್ಲೇ ಹಿಂಬಾಲಿಸುತ್ತಿದ್ದ.

ಬಸ್ಸಿನ ಸದ್ದು ಮೊದಲು ಕೇಳಿಸಿದ್ದು ಅವನಿಗೆ. ಕೆಳಗಿನ ತಿರುವಿನಲ್ಲಿ ಅದರ ಬಿಳಿ ಮೂತಿ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಪುಟ್ಟಿ ಉಸಿರು ಬಿಟ್ಟು ಅಕ್ಕನ ಕೈ ಹಿಡಿದುಕೊಂಡಳು. ಬಸ್ಸು ಕೊನೆಯ ತಿರುವಿನಲ್ಲಿ ಅಡ್ಡಡ್ಡ ತಿರುಗಿದಾಗ, ಅದರ ಹಿಂದೆ ಹಸಿರು ಜೀಪು ಕಂಡಿತು. ಬೆಟ್ಟದ ರಸ್ತೆಯಲ್ಲಿ ಬಸ್ಸನ್ನು ಹಿಂದೆ ಹಾಕಲು ಜಾಗವಿಲ್ಲದೆ, ಅದು ಹಾರ್ನ್ ಕೂಡ ಮಾಡದೆ, ಬಾಲದ ಹಾಗೆ ಅಂಟಿಕೊಂಡು ಬರುತ್ತಿತ್ತು.

ಬಸ್ಸು ನಿಂತಿತು. ಜೀಪೂ ನಿಂತಿತು. "ನೀನು ಹತ್ತು" ಎಂದು ಪುಟ್ಟಿ ಲೈನ್‌ಮ್ಯಾನ್‌ಗೆ ಹೇಳಿದಳು. ಅವನು ಹಿಂದೆ ಮುಂದೆ ನೋಡಿದ. ಅವಳು ಮತ್ತೆ ಹೇಳಿದಳು. ಅವನು ಎರಡೂ ಚೀಲ ಎತ್ತಿಕೊಂಡು ಹತ್ತಿದ.

ಟೈರಣ್ಣ ಇಳಿದು ಬಂದ. ಕೈಗೆ ಹತ್ತಿದ ಕರಿ ಒರೆಸಿಕೊಂಡಿರಲಿಲ್ಲ. ಸ್ವೆಟರಿನ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿದ್ದ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅಕ್ಕನಿಗೆ ಅನಿಸಿತು. ಅವನು ಮೆಲ್ಲಗೆ ಮಾತಾಡಿದ.

"ಹಲ್ಲು ಕೀಳ್ಸೋಕೆ ಹೋಗ್ತೀನಿ ಅಂದ್ಯಲ್ಲೇ."

ಪುಟ್ಟಿ ಕೋಟಿನ ಗುಂಡಿಯ ಹೂವನ್ನು ಮುಟ್ಟಿ ನೋಡಿಕೊಂಡಳು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಪುಟ್ಟಿ."

"ಫ್ರಿಜ್‌ನಲ್ಲಿ ಇಟ್ಟಿದ್ನಲ್ಲಣ್ಣ. ಡಬ್ಬೀಲಿ."

"ತಣ್ಣಗಿತ್ತು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಮುಖ ನಿಜವಾಗಿಯೂ ಬಾಡಿತ್ತು. ತಣ್ಣಗಿರುವುದು ಬಿಸಿಯಾಗುವ ದಾರಿ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕ್ಯಾಮೆರಾದ ಕಣ್ಣಿನಿಂದ ನೋಡುತ್ತಿದ್ದ ಸ್ಟುಡಿಯೋ ಅಕ್ಕನಿಗೆ ಪುಟ್ಟಿಯ ಬಲಗಾಲಿನ ಬೂಟು ಬಸ್ಸಿನ ಕಡೆಯಿಂದ ಅವನ ಕಡೆಗೆ ತಿರುಗಿದ್ದು ಕಂಡಿತು. ಆಮೇಲೆ ಭುಜ. ಸ್ವೆಟರಿನ ತಪ್ಪಿದ ಗುಂಡಿ ಸರಿಮಾಡಲು ಕೈಯೂ ಎದ್ದಿತ್ತು. ಬಸ್ಸಿನ ಡ್ರೈವರ್ ಹಾರ್ನ್ ಬಾರಿಸಿದ.

ಫೋಟೋ ತೆಗೆಯುವವರು ಮದುವೆಯ ಮಾತುಕತೆಯ ನಡುವೆ ಬಾಯಿ ಹಾಕಬಾರದು. ಮಾವ ಹಾಕಿಕೊಟ್ಟ ಪದ್ಧತಿ ಅದು, ಅಷ್ಟು ವರ್ಷ ಅವಳು ಅದನ್ನು ಮುರಿದಿರಲಿಲ್ಲ. ಎಂಥೆಂಥ ಮದುಮಗಳು ಎಂಥೆಂಥ ಮುಖ ಮಾಡಿ ನಿಂತಾಗಲೂ ತುಟಿ ಹೊಲಿದುಕೊಂಡು ಗುಂಡಿ ಒತ್ತಿದ್ದಳು. ಈಗ ಅವಳ ಬಾಯಿಂದ ಮಾತು ತಾನಾಗಿ ಬಂತು, ಸ್ಟುಡಿಯೋದ ಸ್ಟೂಲಿನ ಮುಂದೆ ಬರುವ ಅದೇ ದನಿಯಲ್ಲಿ.

"ಪುಟ್ಟಿ. ಗಲ್ಲ ಸ್ವಲ್ಪ ಮೇಲೆ. ನನ್ನ ಕಡೆ ನೋಡಮ್ಮ."

ಪುಟ್ಟಿಯ ಗಲ್ಲ ಎದ್ದಿತು. ಕಣ್ಣು ಕ್ಯಾಮೆರಾಕ್ಕೆ ಬಂತು.

"ನಡೆಯೋ ಫೋಟೋ ಇನ್ನೂ ಬಂದಿಲ್ಲ ಕಣೇ. ಬೆಳಕು ಹೋಗ್ತಿದೆ. ನಡಿ."

ಟೈರಣ್ಣನ ಬಾಯಿ ಅರ್ಧ ತೆರೆದಿತ್ತು. ಆಮೇಲೆ ಪುಟ್ಟಿ ಎತ್ತಿದ ಕೈಯನ್ನು ಇಳಿಸಿ, ಕೋಟಿನ ಜೇಬಿಗೆ ಹಾಕಿಕೊಂಡು, ನಡೆದಳು. ಅಕ್ಕ ಒತ್ತಿದ ಗುಂಡಿ ಬಿಡಲಿಲ್ಲ. ಬಸ್ಸಿನ ಮೆಟ್ಟಿಲ ಹತ್ತಿರ ಅವಳು ಹಿಂದೆ ತಿರುಗುತ್ತಾಳೆ, ತಿರುಗಿಯೇ ತಿರುಗುತ್ತಾಳೆ ಎಂದುಕೊಂಡಳು ಅಕ್ಕ. ಪುಟ್ಟಿ ಕಂಬಿ ಹಿಡಿದಳು.

"ಒಲೆ ಮೇಲಿಟ್ಟು ಉರಿ ಸಣ್ಣ ಮಾಡು ಅಣ್ಣ" ಎಂದಳು, ಮುಂದಕ್ಕೇ ನೋಡುತ್ತ. ಹತ್ತಿದಳು.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅಕ್ಕ ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ನೋಡಿದಳು. ಒಂದು ಫೋಟೋ ಬಂದಿತ್ತು. ಪುಟ್ಟಿಯ ಒಂದು ಕಾಲು ಮೆಟ್ಟಿಲ ಮೇಲೆ, ಕುತ್ತಿಗೆ ನೆಟ್ಟಗೆ. ಅವಳಿಂದ ದೂರದಲ್ಲಿ ಟೈರಣ್ಣ, ಎರಡೂ ಕೈ ಜೋತುಬಿಟ್ಟು. ಬಸ್ಸಿನ ಕಿಟಕಿಯಲ್ಲಿ ಲೈನ್‌ಮ್ಯಾನ್, ಕಣ್ಣು ಪೂರ್ತಿ ಬಿಟ್ಟುಕೊಂಡು. ಯಾರೂ ಯಾರನ್ನೂ ಮುಟ್ಟಿರಲಿಲ್ಲ.

ಟೈರಣ್ಣ ಸಿಮೆಂಟಿನ ಬೆಂಚಿನ ಮೇಲೆ ಕೂತಿದ್ದ. ಅಕ್ಕನ ಚೀಲದಲ್ಲಿ ಬೆಳಿಗ್ಗೆ ಕಟ್ಟಿಕೊಂಡು ಬಂದಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಇತ್ತು. ಕೈ ತಾನಾಗಿ ಪೊಟ್ಟಣ ತೆಗೆದು ಅವನಿಗೆ ಚಾಚಿತು. ಚಾಚಿದ ಮೇಲೆ ಅವಳಿಗೆ ನೆನಪಾಯಿತು, ಬೆಳಿಗ್ಗೆಯಿಂದ ತಾನೂ ಏನೂ ತಿಂದಿಲ್ಲ, ತಿಂದೆಯಾ ಎಂದು ಯಾರೂ ಕೇಳಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಪೊಟ್ಟಣ ಬಿಚ್ಚಿ, ಅರ್ಧ ಅವನಿಗೆ ಕೊಟ್ಟು, ಅರ್ಧ ತಾನು ತಿಂದಳು. ನಿಧಾನವಾಗಿ, ಕೂತುಕೊಂಡು.

ಊರಿಗೆ ಹೋಗಲು ಬೇರೆ ಗಾಡಿ ಇರಲಿಲ್ಲ. ಇಬ್ಬರೂ ಜೀಪಿನಲ್ಲಿ ಅರ್ಧ ಬೆಟ್ಟ ಇಳಿದಾಗ ಟೈರಣ್ಣ ಕೇಳಿದ.

"ಅತ್ತಿಗೆ, ಆ ಫೋಟೋದಲ್ಲಿ ನಾನೂ ಬಂದಿದೀನಾ?"

"ಬಂದಿದೀಯ."

"ಅಳಿಸಿಬಿಡಿ."

"ಆಗಲ್ಲಪ್ಪ."

ಅವನು ಎರಡು ತಿರುವು ದಾಟಿಸಿದ. ಆಮೇಲೆ, ಉರಿ ಸಣ್ಣ ಮಾಡುವ ಗುಂಡಿ ಯಾವ ಕಡೆಗೆ ತಿರುಗಿಸಬೇಕು ಎಂದು ಕೇಳಿದ. ಎರಡೂ ಕಡೆ ತಿರುಗಿಸಿ ನೋಡು, ಗೊತ್ತಾಗುತ್ತೆ ಎಂದಳು ಅಕ್ಕ.

ಬುಡ ಹತ್ತಿರವಾದಾಗ ಅವಳು ಫೋನು ಹಚ್ಚಿ ಅತ್ತೆಗೆ ಮಾತಾಡಿದಳು. ಬಸ್ಸು ಹೋಯಿತು ಎಂದಳು. ಅತ್ತೆ "ಹೂಂ" ಎಂದರು. ಪರದೆ ಹಾಗೇ ಇರಲಿ, ನಡೆಯೋ ಫೋಟೋ ಮೊದಲು ನನಗೆ ತೋರಿಸು ಎಂದರು.

ಫೋನು ಜೇಬಿಗಿಟ್ಟ ಕೂಡಲೇ ಅದು ಮತ್ತೆ ಬಾರಿಸತೊಡಗಿತು. ಗಂಡ. ಅಕ್ಕ ಕಿಟಕಿಯ ಗಾಜು ಇಳಿಸಿ, ರಸ್ತೆಯಂಚಿನ ಮರಗಳನ್ನು ನೋಡುತ್ತ ಕೂತಳು. ಬಾರಿಸಿ ನಿಂತಿತು, ಮತ್ತೆ ಶುರುವಾಯಿತು. ಟೈರಣ್ಣ ಅವಳ ಕಡೆ ತಿರುಗಿದ.

"ಅತ್ತಿಗೆ, ಫೋನು."

"ಕೇಳಿಸ್ತು" ಎಂದಳು ಅವಳು.